ಹೊತ್ತವರೇ ಹೊಲಿದ ಕಾಲ

ಶುಕ್ರವಾರ ಸಂಜೆ ಟ್ರೆಕ್ಕಿಂಗ್ ಗ್ರೂಪುಗಳಲ್ಲಿ ಮೊದಲು ಬರೋ ಪ್ರಶ್ನೆ ಬೆಟ್ಟ ಯಾವುದು ಅಂತ ಅಲ್ಲ, ಟೆಂಟ್ ಯಾರ ಹತ್ರ ಇದೆ ಅಂತ. ಆಮೇಲೆ ಅದರ ತೂಕ ಎಷ್ಟು, ರೇಟ್ ಎಷ್ಟು. ತೂಕ ಇಳಿದಷ್ಟೂ ರೇಟು ಏರುತ್ತೆ. ಒಂದು ಕಿಲೋಗಿಂತ ಹಗುರವಾದ ವಿದೇಶಿ ಟೆಂಟಿನ ಬೆಲೆ ನಮ್ಮಲ್ಲಿ ಅನೇಕರ ತಿಂಗಳ ಮನೆ ಬಾಡಿಗೆಯನ್ನೂ ದಾಟುತ್ತೆ. ಹಾಗಾಗಿ ಹಗುರವಾದ ಸಾಮಾನು ಅಂದ್ರೆ ಯಾವುದೋ ದೊಡ್ಡ ಕಂಪನಿಯ ಲ್ಯಾಬಿನಲ್ಲಿ ಹುಟ್ಟಿದ್ದು ಅಂತ ನಂಬಿಬಿಟ್ಟಿದ್ದೀವಿ. ಬಟ್ಟೆಯ ಮಟ್ಟಿಗೆ ಅದು ಸ್ವಲ್ಪ ನಿಜ. ಆದರೆ ಬಟ್ಟೆಯನ್ನು ಹೇಗೆ ಕತ್ತರಿಸಬೇಕು, ಏನೇನು ಬಿಟ್ಟರೆ ನಡೆಯುತ್ತೆ ಅನ್ನೋದನ್ನು ಕಂಡುಕೊಂಡವರು ಬಹುಪಾಲು ಅದನ್ನು ಹೊತ್ತು ನಡೆದವರೇ.

ಹಳ್ಳಿಯಲ್ಲಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಗೋಣಿಚೀಲದ ತಳದ ಒಂದು ಮೂಲೆಯನ್ನು ಇನ್ನೊಂದರೊಳಗೆ ತೂರಿಸಿದರೆ ಕೊಪ್ಪೆ ಆಯ್ತು. ತಲೆಗೆ ಹಾಕ್ಕೊಂಡ್ರೆ ಬೆನ್ನು ಮುಚ್ಚುತ್ತೆ, ಎರಡೂ ಕೈ ಖಾಲಿ ಇರುತ್ತೆ, ಮಳೆಯಲ್ಲೇ ಕಳೆ ಕೀಳಬಹುದು. ಕುರಿ ಕಾಯುವವರ ಕಂಬಳಿ ಇದಕ್ಕಿಂತ ಹಳೆಯದು. ಉಣ್ಣೆಯ ನೂಲಿಗೆ ಹುಣಸೆ ಬೀಜದ ಗಂಜಿ ಹಾಕಿ ಬಿಗಿಯಾಗಿ ನೇಯ್ದ ಕಂಬಳಿ ಹಗಲು ಕೊಪ್ಪೆ, ರಾತ್ರಿ ಹಾಸಿಗೆ, ಚಳಿ ಜಾಸ್ತಿಯಾದರೆ ಹೊದಿಕೆ. ನಮ್ಮಪ್ಪ ಯೂರಿಯಾ ಚೀಲಗಳನ್ನು ಬಿಚ್ಚಿ, ದಬ್ಬಳದಲ್ಲಿ ಒಂದಕ್ಕೊಂದು ಹೊಲಿದು ಹುಲ್ಲಿನ ಬಣವೆಗೆ ಹೊದಿಸುತ್ತಿದ್ದರು. ಒಂದೇ ವಸ್ತು ಎರಡು ಮೂರು ಕೆಲಸಕ್ಕೆ ಬರಬೇಕು ಅನ್ನೋದು ಇವತ್ತಿನ ಹಗುರ ಚಾರಣಿಗರ ಮೊದಲ ಸೂತ್ರ. ನಮ್ಮ ಕುರಿಗಾಹಿಗಳಿಗೆ ಅದು ದಿನನಿತ್ಯದ ಬದುಕು.

ಇದೇ ಲೆಕ್ಕಾಚಾರ ಇಂಗ್ಲೆಂಡಿನ ಒಬ್ಬ ದರ್ಜಿಯ ತಲೆಯಲ್ಲೂ ಓಡುತ್ತಿತ್ತು. ಹೆಸರು ಥಾಮಸ್ ಹೈರಮ್ ಹೋಲ್ಡಿಂಗ್. 1853ರಲ್ಲಿ, ಹುಡುಗನಾಗಿದ್ದಾಗ, ತಂದೆತಾಯಿ ಜೊತೆ ಬಂಡಿಗಳ ಸಾಲಿನಲ್ಲಿ ಅಮೆರಿಕದ ಹುಲ್ಲುಗಾವಲು ದಾಟಿದವನು. ದೊಡ್ಡವನಾದ ಮೇಲೆ ಸೈಕಲ್ಲಿನ ಮೇಲೆ ಒಯ್ಯಬಹುದಾದ ಟೆಂಟು ಬೇಕು ಅಂತ ರೇಷ್ಮೆಗೆ ಕತ್ತರಿ ಹಾಕಿದ. 1901ರಲ್ಲಿ ಸೈಕಲ್ ಕ್ಯಾಂಪಿಂಗ್ ಮಾಡುವವರ ಸಂಘ ಕಟ್ಟಿದ, 1908ರಲ್ಲಿ ಕ್ಯಾಂಪಿಂಗ್ ಕೈಪಿಡಿಯನ್ನೇ ಬರೆದ. ಅದಕ್ಕೂ ಸ್ವಲ್ಪ ಮುಂಚೆ ಆಲ್ಬರ್ಟ್ ಮಮ್ಮರಿ ಅನ್ನೋ ಪರ್ವತಾರೋಹಿ ರೇಷ್ಮೆಯ ಪುಟ್ಟ ಟೆಂಟಿಗೆ ಬೇರೆ ಕಂಬ ಯಾಕೆ ಅಂತ ಕೈಯಲ್ಲಿದ್ದ ಹಿಮಕೊಡಲಿಗಳನ್ನೇ ನಿಲ್ಲಿಸಿದ್ದ. ಇವತ್ತು ನಾವು ಟ್ರೆಕ್ಕಿಂಗ್ ಕೋಲನ್ನೇ ಟೆಂಟಿನ ಕಂಬ ಮಾಡ್ತೀವಲ್ಲ, ಅದರ ಪೂರ್ವಜ ಇದು.

ರೇಷ್ಮೆ ಅಂದ ಮೇಲೆ ನಮ್ಮೂರು ಬರಲೇಬೇಕು. ಎರಡನೇ ಮಹಾಯುದ್ಧದಲ್ಲಿ ಜಪಾನಿನ ರೇಷ್ಮೆ ನಿಂತುಹೋದಾಗ ಪ್ಯಾರಾಚೂಟಿಗಾಗಿ ಮೈಸೂರು ಸೀಮೆಯ ರೇಷ್ಮೆಗೆ ದೊಡ್ಡ ಬೇಡಿಕೆ ಬಂತು. ಆದರೆ ಅದೇ ಯುದ್ಧ ಆ ಕೆಲಸಕ್ಕೆ ಇನ್ನೊಂದು ನೂಲನ್ನೂ ತಂದಿತ್ತು. 1935ರಲ್ಲಿ ಅಮೆರಿಕದ ಡುಪಾಂಟ್ ಪ್ರಯೋಗಾಲಯದಲ್ಲಿ ವ್ಯಾಲೇಸ್ ಕ್ಯಾರೊಥರ್ಸ್ ತಂಡ ಮಾಡಿದ ನೈಲಾನ್ ಪ್ಯಾರಾಚೂಟಿಗೆ ಇಳಿಯಿತು. ಹರಿದರೆ ಹರಿತ ಮುಂದೆ ಓಡಬಾರದು ಅಂತ ನಡುನಡುವೆ ದಪ್ಪ ಎಳೆ ಹಾಕಿ ಚೌಕಳಿಯಾಗಿ ನೇಯ್ದರು. ಅದೇ ರಿಪ್‌ಸ್ಟಾಪ್. ನಿಮ್ಮ ಟೆಂಟಿನ ಬಟ್ಟೆಯನ್ನು ಬೆಳಕಿಗೆ ಹಿಡಿದರೆ ಆ ಚೌಕಳಿ ಈಗಲೂ ಕಾಣುತ್ತೆ.

ಬಟ್ಟೆ ಸಿಕ್ಕ ಮೇಲೆ ಹೊಲಿಗೆ ಮತ್ತೆ ಮನೆಗೆ ಬಂತು. 1955ರಲ್ಲಿ ಎಮ್ಮಾ ಗೇಟ್‌ವುಡ್ ಅನ್ನೋ 67 ವರ್ಷದ ಅಜ್ಜಿ ಡೆನಿಮ್ ಬಟ್ಟೆಯಲ್ಲಿ ತಾನೇ ಹೊಲಿದ ಚೀಲ ಹೆಗಲಿಗೇರಿಸಿ, ಮಳೆಗೆ ಅಂತ ಬಚ್ಚಲಮನೆಯ ಪ್ಲಾಸ್ಟಿಕ್ ಪರದೆ ಇಟ್ಟುಕೊಂಡು ಅಪಲಾಚಿಯನ್ ಟ್ರೇಲನ್ನು ಒಬ್ಬಳೇ ನಡೆದು ಮುಗಿಸಿದಳು. ಮೂರು ಸಾವಿರ ಕಿಲೋಮೀಟರಿಗೂ ಹೆಚ್ಚು! 1966ರಲ್ಲಿ ಕೊಲೊರಾಡೊದ ಬೌಲ್ಡರಿನಲ್ಲಿ ಶುರುವಾದ ಫ್ರಾಸ್ಟ್‌ಲೈನ್ ಕಂಪನಿ ಟೆಂಟು, ಜಾಕೆಟ್ಟುಗಳ ತುಂಡುಗಳನ್ನು ಕತ್ತರಿಸಿ ಕಿಟ್ ಮಾಡಿ ಮಾರುತ್ತಿತ್ತು. ಹೊಲಿಗೆ ಮಾತ್ರ ಕೊಂಡವರದ್ದು. ನಮ್ಮಂಥ ಇಂಜಿನಿಯರುಗಳಿಗೆ ಹತ್ತಿರವಾದವನು ರೇ ಜಾರ್ಡಿನ್. ಬಾಹ್ಯಾಕಾಶ ಉದ್ಯಮದ ಕೆಲಸ ಬಿಟ್ಟು ಬೆಟ್ಟ ಹತ್ತೋಕೆ ಹೋದವನು. 1990ರ ದಶಕದ ಅವನ ಪುಸ್ತಕಗಳ ತಿರುಳು ಇಷ್ಟೇ: ಟೆಂಟು ಬಿಟ್ಟು ಒಂದು ಚಪ್ಪಟೆ ಟಾರ್ಪ್ ಹಿಡಿ, ಆಗ ಚೀಲ ಸಣ್ಣದಾಗುತ್ತೆ, ಚೀಲ ಸಣ್ಣದಾದರೆ ಅದರ ಫ್ರೇಮ್ ಬೇಡ, ಹೊರೆ ಇಳಿದರೆ ದಪ್ಪ ಬೂಟೂ ಬೇಡ. ಅವನೂ ಹೆಂಡತಿ ಜೆನ್ನಿಯೂ ತಮ್ಮ ಸಾಮಾನನ್ನು ತಾವೇ ಹೊಲಿಯುತ್ತಿದ್ದರು.

ಆದರೆ ಅಷ್ಟರಲ್ಲಿ ಬಹಳ ಮನೆಗಳಲ್ಲಿ ಮಿಷನ್ ಮೂಲೆ ಸೇರಿತ್ತು. ಏಷ್ಯಾದ ಕಾರ್ಖಾನೆಗಳಲ್ಲಿ ಹೊಲಿದ ರೆಡಿಮೇಡ್ ಸರಕು ಅಗ್ಗವಾಗಿ ಸಿಗುವಾಗ ಕಿಟ್ ತಂದು ಕೂತು ಹೊಲಿಯೋರು ಯಾರು? ಆ ಹೊಲಿಗೆ ಎಲ್ಲೆಲ್ಲಿಗೆ ಬಂತು ಅಂತ ನೋಡಬೇಕಾದರೆ ನಾನಿರುವ ಬಾಶೆಟ್ಟಿಹಳ್ಳಿಗೆ ಬನ್ನಿ. ಪಕ್ಕದ ದೊಡ್ಡಬಳ್ಳಾಪುರದ ಬೀದಿಗಳಲ್ಲಿ ವಿದ್ಯುತ್ ಮಗ್ಗಗಳ ಸದ್ದು, ಸುತ್ತಮುತ್ತ ಗಾರ್ಮೆಂಟ್ಸ್. ಶನಿವಾರ ಬೆಳಗ್ಗೆ ಇದೇ ರಸ್ತೆಯಲ್ಲಿ ಜಾಕೆಟ್ ಹಾಕ್ಕೊಂಡು ಮಾಕಳಿದುರ್ಗಕ್ಕೆ ಹೊರಟ ಬೆಂಗಳೂರಿನ ಹುಡುಗರ ಗಾಡಿಗಳೂ, ಜಾಕೆಟ್ ಹೊಲಿಯೋಕೆ ಹೊರಟ ಹೆಂಗಸರ ಬಸ್ಸುಗಳೂ ಒಟ್ಟಿಗೇ ಓಡುತ್ತವೆ.

ನಮ್ಮ ಮನೆಯ ಎದುರಿನ ಅಕ್ಕ ಅಂಥ ಒಂದು ಬಸ್ಸು ಹತ್ತುವವರು. ನಾನು ಟಾರ್ಪ್ ಹೊಲಿಯಲು ಕೂತಾಗ ಅದರ ನಡುವಿನ ಜೋಡಣೆಯ ಪೇಪರ್ ಮಾದರಿ ತೋರಿಸಿದೆ. ಎರಡು ಅಂಚನ್ನು ಒಂದರೊಳಗೊಂದು ಮಡಚಿ ಎರಡು ಸಾಲು ಹೊಲಿಗೆ ಹಾಕೋದು, ನೀರು ಒಳಗೆ ಬರದಿರಲಿ ಅಂತ. "ಇದು ಜೀನ್ಸ್ ಪ್ಯಾಂಟಿನ ಹೊಲಿಗೆ ಅಲ್ವೇನಪ್ಪ?" ಅಂದರು. ನಿಜ, ಅದೇ. ದಾರ ಕಟ್ಟುವ ಮೂಲೆಗೆ ಇನ್ನೊಂದು ಪದರ ಬಟ್ಟೆ ಕೊಟ್ಟು, ಟೇಪನ್ನು ಎಳೆತ ಬರುವ ದಿಕ್ಕಿಗೇ ಹೊಲಿಯಬೇಕು ಅಂತ ಹೇಳಿಕೊಟ್ಟವರೂ ಅವರೇ. ಹನ್ನೆರಡು ವರ್ಷದ ಅನುಭವ. ಆದರೆ ಕಳೆದ ಮೂರು ವರ್ಷದಿಂದ ಅವರು ಲೈನಿನಲ್ಲಿ ಹೊಲಿದದ್ದು ಬರೀ ಜೇಬು. ಗಂಟೆಗೆ ಇಷ್ಟು ಅಂತ ಟಾರ್ಗೆಟ್. "ಪೂರ್ತಿ ಜಾಕೆಟ್ ಒಂದನ್ನೂ ನಾನು ಹೊಲಿದಿಲ್ಲ, ಆದ್ರೆ ಎಲ್ಲಾದ್ರಲ್ಲೂ ನಾನಿದ್ದೀನಿ" ಅಂತ ನಕ್ಕರು.

ಈ ನಗುವಿನ ಹಿಂದೆಯೂ ಒಂದು ಚರಿತ್ರೆ ಇದೆ. 2016ರ ಏಪ್ರಿಲ್ 18 ಮತ್ತು 19ರಂದು ಬೆಂಗಳೂರಿನ ಗಾರ್ಮೆಂಟ್ಸ್ ಹೆಂಗಸರು ಸಾವಿರಾರು ಸಂಖ್ಯೆಯಲ್ಲಿ ರಸ್ತೆಗಿಳಿದರು. ಪಿಎಫ್‌ನಲ್ಲಿ ಮಾಲೀಕರ ಪಾಲನ್ನು 58 ವರ್ಷದವರೆಗೆ ತೆಗೆಯುವಂತಿಲ್ಲ ಅಂತ ಕೇಂದ್ರ ಸರ್ಕಾರ ನಿಯಮ ಮಾಡಿತ್ತು. ಕಣ್ಣು, ಬೆನ್ನು ಸೋತು ಚಿಕ್ಕ ವಯಸ್ಸಿಗೇ ಕೆಲಸ ಬಿಡುವವರಿಗೆ 58 ಅನ್ನೋದು ಬಹಳ ದೂರ. ಎರಡನೇ ದಿನವೇ ಸರ್ಕಾರ ನಿಯಮ ಹಿಂತೆಗೆದುಕೊಂಡಿತು. ಅವತ್ತು ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡ ಐಟಿಯವರಲ್ಲಿ ಎಷ್ಟೋ ಜನರ ಮೈಮೇಲಿನ ಅಂಗಿ ಆ ಕೈಗಳದ್ದೇ ಇದ್ದಿರಬೇಕು.

ನನ್ನ ಟಾರ್ಪ್ ಮೂರು ಮೀಟರ್ ಉದ್ದ, ಎರಡೂವರೆ ಅಗಲ. ಸಿಲಿಕೋನ್ ಲೇಪದ ಪಾಲಿಯೆಸ್ಟರ್. ನೈಲಾನ್ ಆದರೆ ಇಬ್ಬನಿಗೆ ಹಿಗ್ಗಿ ಜೋತು ಬೀಳುತ್ತೆ, ನಡುರಾತ್ರಿ ಎದ್ದು ದಾರ ಬಿಗಿಯಬೇಕು. ಬಟ್ಟೆ ಚದರ ಮೀಟರಿಗೆ 50 ಗ್ರಾಮಿನದು, ಹಾಗಾಗಿ ದಾರ, ಟೇಪು ಬಿಟ್ಟು 375 ಗ್ರಾಂ. ಎರಡು ಭಾನುವಾರ ಸೇರಿ ನನಗೆ ಹನ್ನೊಂದು ಗಂಟೆ ಹಿಡಿಯಿತು. ಅಕ್ಕ ದುಡ್ಡು ಬೇಡ ಅಂದರು. ಉಳಿದ ಬಟ್ಟೆ ತಗೊಂಡು ಇಪ್ಪತ್ತು ನಿಮಿಷದಲ್ಲಿ ಮಗನ ಸ್ಕೂಲ್ ಬ್ಯಾಗಿಗೆ ಮಳೆ ಕವರ್ ಹೊಲಿದರು. ಅಳತೆಪಟ್ಟಿಯನ್ನೂ ಮುಟ್ಟಲಿಲ್ಲ.

ನೀವೂ ಶುರು ಮಾಡೋದಾದರೆ ನೇರ ಟೆಂಟಿಗೆ ಕೈ ಹಾಕಬೇಡಿ. ಮೊದಲು ಬಟ್ಟೆ ತುಂಬೋ ಒಂದು ಸಣ್ಣ ಚೀಲ, ಆಮೇಲೆ ಟಾರ್ಪ್. ಅಮ್ಮನ ಹಳೇ ಮಿಷನ್ ಸಾಕು. ನುಣುಪು ಬಟ್ಟೆ ಜಾರುತ್ತೆ, ಸಣ್ಣ ಸೂಜಿ, ಪಾಲಿಯೆಸ್ಟರ್ ದಾರ ಹಾಕಿ. ಗುಂಡುಪಿನ್ನಿನ ತೂತಿನಲ್ಲೂ ನೀರು ಇಳಿಯುತ್ತೆ, ಹೊಲಿಗೆಯ ಒಳಗೆ ಬರೋ ಕಡೆ ಮಾತ್ರ ಚುಚ್ಚಿ. ಎದುರುಮನೆಯಲ್ಲಿ ಗಾರ್ಮೆಂಟ್ಸಿಗೆ ಹೋಗೋ ಅಕ್ಕ ಇದ್ದರೆ ಕೇಳಿ, ಯಾವ ವಿಡಿಯೋಗಿಂತ ಚೆನ್ನಾಗಿ ಹೇಳಿಕೊಡ್ತಾರೆ. ಅವರಿಗೂ ವಾರಕ್ಕೆ ಅದೊಂದೇ ರಜೆ ಅನ್ನೋದು ಮಾತ್ರ ನೆನಪಿರಲಿ.