ಅಜ್ಜಿಯ ಕೆನ್ನೆ ಮತ್ತು 256 ಬಣ್ಣ

ಮೊನ್ನೆ ಹಳೇ ಸಿಡಿಗಳನ್ನು ಕೆದಕುವಾಗ ಅಜ್ಜಿಯ ಕಲರ್ ಫೋಟೋ ಸಿಕ್ತು. ಸ್ಕ್ಯಾನ್ ಮಾಡಿದಾಗ ಫೈಲ್ ಚಿಕ್ಕದಾಗಲಿ ಅಂತ ಜಿಫ್ ಮಾಡಿ ಉಳಿಸಿದ್ದೆ. ಈಗ ನೋಡಿದ್ರೆ ಕೆನ್ನೆ ತುಂಬಾ ತೇಪೆ! ಕಾಗದದ ಫೋಟೋ ಗೆದ್ದಲು ತಿಂದಾಯ್ತು. ತಪ್ಪು ನನ್ನದೇ ಬಿಡಿ.

ಜಿಫ್ ಹುಟ್ಟಿದ್ದು 1987ರಲ್ಲಿ, ಕಂಪ್ಯುಸರ್ವ್ ಕಂಪನಿಯಲ್ಲಿ. ಅದರ ಬಣ್ಣದ ಪಟ್ಟಿಯಲ್ಲಿ 256ಕ್ಕಷ್ಟೇ ಜಾಗ. ಲೋಗೋಗೆ ಸಾಕು, ಮುಖಕ್ಕೆ ಸಾಲದು. ಫೈಲನ್ನು ಕುಗ್ಗಿಸುವ ಎಲ್‌ಜೆಡ್‌ಡಬ್ಲ್ಯು ವಿಧಾನದ ಪೇಟೆಂಟ್ ಯೂನಿಸಿಸ್ ಕೈಲಿತ್ತು. ಜಿಫ್ ಬಳಸುವ ತಂತ್ರಾಂಶಗಳು ಶುಲ್ಕ ಕೊಡಬೇಕು ಅಂತ 1994ರ ಕೊನೆಗೆ ಘೋಷಣೆಯಾದಾಗ ದೊಡ್ಡ ಗಲಾಟೆ. ಆ ಸಿಟ್ಟಿಗೇ ಹುಟ್ಟಿದ್ದು ಪಿಎನ್‌ಜಿ. 1996ರಲ್ಲಿ ಅದಕ್ಕೆ ಡಬ್ಲ್ಯು3ಸಿ ಮುದ್ರೆ ಬಿತ್ತು. ಅಮೆರಿಕದ ಪೇಟೆಂಟ್ ಮುಗಿದದ್ದು 2003ರಲ್ಲಿ!

ಪುಕ್ಕಟೆ ಗಿಂಪ್ ಹೊರಬಂದದ್ದೂ 1996ರಲ್ಲೇ. ಫೋಟೋಶಾಪ್‌ಗೆ ‘ಸೇವ್ ಫಾರ್ ವೆಬ್’ ಬಂದದ್ದು 1999ರ 5.5ರಲ್ಲಿ, ಮೂಲ, ಕುಗ್ಗಿಸಿದ್ದು ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಬಹುದು. ಗಿಂಪ್‌ನಲ್ಲಿ ಜೆಪೆಗ್ ಉಳಿಸುವಾಗ ಮುನ್ನೋಟ ಆರಿಸಿಕೊಂಡರೆ ಗುಣಮಟ್ಟ ಇಳಿಸಿದಂತೆ ಚಿತ್ರವೂ ಫೈಲಿನ ಗಾತ್ರವೂ ಬದಲಾಗೋದು ಕಾಣುತ್ತೆ. ನನಗಂತೂ ಇದೇ ಸಾಕು.

ಆದರೆ ಹೋದ ಬಣ್ಣವನ್ನು ಎರಡೂ ವಾಪಸ್ ತರಲ್ಲ. ಮೂಲವನ್ನು ಪಿಎನ್‌ಜಿಯಲ್ಲಿ ಜೋಪಾನ ಮಾಡಿ, ಬ್ಲಾಗಿಗೆ ಅದರ ಜೆಪೆಗ್ ನಕಲು ಹಾಕಿ. ನಿಮ್ಮ ಮನೆ ಆಲ್ಬಮ್ಮಿನ ಗತಿ ಏನು? ಇವತ್ತೇ ಒಮ್ಮೆ ನೋಡಿ..