ಮರೆತ ಪಾಪಕ್ಕೆ ಹೊಣೆ ಯಾರು?

ಕಾರಿನಿಂದ ಹೊರಗೆಸೆಯಲ್ಪಟ್ಟ ಒಬ್ಬ ಮನುಷ್ಯ. ಪ್ರಾಣ ಉಳಿಯಿತು, ಆದರೆ ತನ್ನ ಹೆಸರೂ ನೆನಪಿಲ್ಲ. ಮುಂದೆ ರಾಬರ್ಟ್ ಆರ್ಡ್‌ವೇ ಎಂಬ ಹೊಸ ಹೆಸರಿನಲ್ಲಿ ಓದಿ ಮನೋವೈದ್ಯನಾಗುತ್ತಾನೆ. ಕೈದಿಗಳನ್ನು ತಿದ್ದುವ ಕೆಲಸಕ್ಕೆ ಇಳಿಯುತ್ತಾನೆ. ಕೊನೆಗೆ ಹಳೆಯ ನೆನಪು ಮರಳಿದಾಗ ತಿಳಿಯುವ ಸತ್ಯವೇ ಬೇರೆ: ಆತ ಸ್ವತಃ ಒಂದು ದರೋಡೆ ತಂಡದ ನಾಯಕ!

1943ರಲ್ಲಿ ಹಾಲಿವುಡ್‌ನ ಕೊಲಂಬಿಯಾ ಸಂಸ್ಥೆ ತೆರೆಗೆ ತಂದ ‘ಕ್ರೈಮ್ ಡಾಕ್ಟರ್’ ಚಿತ್ರದ ಕಥೆ ಇದು. ಮ್ಯಾಕ್ಸ್ ಮಾರ್ಸಿನ್ ರಚಿಸಿದ ಇದೇ ಹೆಸರಿನ ನಾಟಕಮಾಲೆ 1940ರಿಂದಲೇ ಅಮೆರಿಕದ ರೇಡಿಯೊದಲ್ಲಿ ಜನಪ್ರಿಯವಾಗಿತ್ತು. ಚಿತ್ರವನ್ನು ನಿರ್ದೇಶಿಸಿದಾತ ಮೈಕೆಲ್ ಗಾರ್ಡನ್.

ಆಗ ಅಮೆರಿಕದ ಚಿತ್ರಮಂದಿರಗಳಲ್ಲಿ ಒಂದೇ ಟಿಕೆಟ್ಟಿಗೆ ಎರಡು ಚಿತ್ರ ತೋರಿಸುವ ರೂಢಿಯಿತ್ತು. ದೊಡ್ಡ ಚಿತ್ರಕ್ಕೆ ಗಳಿಕೆಯಲ್ಲಿ ಪಾಲು. ಜೊತೆಗಿನ ಚಿಕ್ಕ ಚಿತ್ರಕ್ಕೆ ಸಾಮಾನ್ಯವಾಗಿ ನಿಗದಿತ ಬಾಡಿಗೆ. ಎಷ್ಟೇ ಜನ ನೋಡಿದರೂ ಬರುವ ಹಣ ಹೆಚ್ಚುತ್ತಿರಲಿಲ್ಲವಾದ್ದರಿಂದ ಖರ್ಚನ್ನು ಹಿಡಿತದಲ್ಲಿಡುವುದೇ ನಿರ್ಮಾಪಕನ ಜಾಣ್ಮೆ. ಹೀಗಾಗಿ ಸುಮಾರು ಒಂದು ಗಂಟೆಯ, ಕೆಲವೇ ಸೆಟ್ಟುಗಳ, ಒಬ್ಬನೇ ನಾಯಕನ ಪತ್ತೇದಾರಿ ಸರಣಿಗಳು ಹುಟ್ಟಿಕೊಂಡವು. ‘ಕ್ರೈಮ್ ಡಾಕ್ಟರ್’ ಸರಣಿಯಲ್ಲಿ 1949ರವರೆಗೆ ಹತ್ತು ಚಿತ್ರಗಳು ಬಂದವು. ಅವುಗಳಲ್ಲಿ ನಾಲ್ಕನ್ನು ನಿರ್ದೇಶಿಸಿದ ವಿಲಿಯಂ ಕ್ಯಾಸಲ್ ಮುಂದೆ ಭಯಾನಕ ಚಿತ್ರಗಳಿಂದ ಹೆಸರು ಮಾಡಿದ.

ಉಳಿದ ಪತ್ತೇದಾರರು ಬೆರಳ ಗುರುತು ಹುಡುಕಿದರೆ ಆರ್ಡ್‌ವೇ ಮನಸ್ಸಿನ ಗುರುತು ಹುಡುಕುತ್ತಾನೆ. ಆದರೆ ಮೊದಲ ಚಿತ್ರದ ತೂಕವೇ ಬೇರೆ. ನೆನಪೇ ಇಲ್ಲದ ಪಾಪಕ್ಕೆ, ಈಗ ಸಜ್ಜನನಾಗಿರುವವನು ಹೊಣೆಯೆ? ಆರ್ಡ್‌ವೇ ತಪ್ಪಿಸಿಕೊಳ್ಳುವುದಿಲ್ಲ, ನ್ಯಾಯಾಲಯದ ಮುಂದೆ ನಿಲ್ಲುತ್ತಾನೆ. ಆತ ಅಪರಾಧಿ ಎಂದೇ ತೀರ್ಮಾನವಾಗುತ್ತದೆ; ಆದರೆ ಶಿಕ್ಷೆಯನ್ನು ಅಮಾನತಿನಲ್ಲಿಡಲಾಗುತ್ತದೆ. ತಪ್ಪು ತಪ್ಪೇ, ಆದರೂ ಮನುಷ್ಯ ಬದಲಾಗಬಲ್ಲ ಎಂಬ ಈ ನಡುದಾರಿ ಅಂದಿನ ಅಗ್ಗದ ಚಿತ್ರಗಳಲ್ಲಿ ಅಪರೂಪ.

ಪಾತ್ರಕ್ಕೆ ಜೀವ ಕೊಟ್ಟ ವಾರ್ನರ್ ಬ್ಯಾಕ್ಸ್ಟರ್ ಸಾಮಾನ್ಯ ನಟನಲ್ಲ. ‘ಇನ್ ಓಲ್ಡ್ ಅರಿಜೋನಾ’ ಚಿತ್ರಕ್ಕಾಗಿ 1930ರ ಸಮಾರಂಭದಲ್ಲಿ ಶ್ರೇಷ್ಠ ನಟನೆಂದು ಆಸ್ಕರ್ ಪಡೆದವನು. ಮೂವತ್ತರ ದಶಕದ ನಡುವೆ ಹಾಲಿವುಡ್‌ನಲ್ಲಿ ಅತಿ ಹೆಚ್ಚು ಸಂಭಾವನೆ ಪಡೆಯುತ್ತಿದ್ದವರಲ್ಲಿ ಒಬ್ಬ. ನಲವತ್ತರ ದಶಕದ ಆರಂಭದಲ್ಲಿ ಮಾನಸಿಕವಾಗಿ ಕುಸಿದ. ವರ್ಷಕ್ಕೆ ಒಂದೆರಡು ಚಿಕ್ಕ ಚಿತ್ರಗಳ ಈ ಕೆಲಸ ಆತನ ದುರ್ಬಲ ಆರೋಗ್ಯಕ್ಕೆ ಒಗ್ಗಿತು. ತೆರೆಯ ಮೇಲೆ ಪರರ ಮನಸ್ಸಿಗೆ ಮದ್ದು ಕೊಡುತ್ತಿದ್ದವನು ತಾನೇ ನೊಂದವನಾಗಿದ್ದ.

ಕೊನೆಯಲ್ಲಿ ಸಂಧಿವಾತದ ನೋವು ಬ್ಯಾಕ್ಸ್ಟರನನ್ನು ಹಿಂಡಿತು. ಪರಿಹಾರವೆಂದು ಮಾಡಿಸಿಕೊಂಡದ್ದು ಮಿದುಳಿನ ಮುಂಭಾಗದ ನರತಂತುಗಳನ್ನು ಕತ್ತರಿಸುವ ಲೊಬಾಟಮಿ. ಈ ವಿಧಾನಕ್ಕಾಗಿ ಪೋರ್ಚುಗಲ್‌ನ ಎಗಾಸ್ ಮೋನಿಜ್‌ಗೆ 1949ರಲ್ಲಷ್ಟೇ ನೊಬೆಲ್ ಸಂದಿತ್ತು. ಮುಂದೆ ವೈದ್ಯಲೋಕವೇ ಅದನ್ನು ಕೈಬಿಟ್ಟಿತು. ಶಸ್ತ್ರಚಿಕಿತ್ಸೆಯ ಬಳಿಕ ನ್ಯುಮೋನಿಯಾ ತಗುಲಿ, 1951ರ ಮೇ 7ರಂದು ಬ್ಯಾಕ್ಸ್ಟರ್ ತೀರಿಕೊಂಡ. ಮಾತಿನಿಂದಲೇ ಮನಸ್ಸನ್ನು ಗುಣಪಡಿಸಬಹುದೆಂದು ನಂಬಿದ ಡಾಕ್ಟರ್ ಆರ್ಡ್‌ವೇ ಮಾತ್ರ ಹತ್ತು ಚಿತ್ರಗಳಲ್ಲಿ ಉಳಿದುಕೊಂಡಿದ್ದಾನೆ.