ಯಾರು ಯಾರ ಕುಟುಂಬ?

‘ನಮ್ಮ ಕುಟುಂಬ’ ಎಂದು ಹಳೇ ಮೈಸೂರಿನ ಹಿರಿಯರು ಹೇಳಿದರೆ ಹೆಂಡತಿ ಎಂದರ್ಥ. ‘ಕುಟುಂಬಕ್ಕೆ ಹುಷಾರಿಲ್ಲ’ ಎಂದರೆ ಮನೆಮಂದಿಗೆಲ್ಲ ಜ್ವರ ಎಂದಲ್ಲ. ರೇಷನ್ ಕಾರ್ಡಿನಲ್ಲಿ ಅದೇ ಪದ ಒಂದು ಒಲೆಯ ಅಡುಗೆ ಉಣ್ಣುವವರ ಪಟ್ಟಿ. 2023ರಲ್ಲಿ ಗೃಹಲಕ್ಷ್ಮಿ ಬಂದಾಗ ಆ ಪಟ್ಟಿಗೆ ಯಜಮಾನಿ ಅತ್ತೆಯೋ ಸೊಸೆಯೋ ಎಂದು ಎಷ್ಟೋ ಮನೆಗಳಲ್ಲಿ ಮಾತು ನಡೆಯಿತು. ಜೀವಶಾಸ್ತ್ರದ ಪಾಠದಲ್ಲಿ ಮಾತ್ರ ಈ ಪದಕ್ಕೆ ಒಲೆಯ ಹಂಗಿಲ್ಲ, ಮದುವೆಯ ಹಂಗೂ ಇಲ್ಲ. ಒಂದೇ ಮೂಲದಿಂದ ಕವಲೊಡೆದವರಷ್ಟೇ ಅಲ್ಲಿ ಕುಟುಂಬ.

ಕಣ್ಣಿಗೆ ಒಂದೇ ಥರ ಕಂಡವರೆಲ್ಲ ಒಂದೇ ಕುಟುಂಬವಲ್ಲ ಎನ್ನುವುದಕ್ಕೆ ಸೂರ್ಯನ ಕುದುರೆಗಿಂತ ಒಳ್ಳೆಯ ಉದಾಹರಣೆ ಸಿಗದು. ಹಸಿರು ಮೈಯ, ಮುಂಗಾಲು ಜೋಡಿಸಿ ನಿಂತದ್ದನ್ನು ಎಲ್ಲರೂ ನೋಡಿರುತ್ತಾರೆ. ಮೇಟಗಳ್ಳಿಯ ಹೊಂಗೆಮರದ ಕಾಂಡದಲ್ಲಿ ನಾನು ಕಂಡದ್ದು ಇನ್ನೊಂದು ಬಗೆ. ಬೂದು ಬಣ್ಣ, ಚಪ್ಪಟೆ ಮೈ. ತಲೆ ಕೆಳಗಾಗಿ ತೊಗಟೆಗೆ ಅಂಟಿಕೊಂಡು ಕೂತಿತ್ತು. ಬೆರಳು ಹತ್ತಿರ ತಂದರೆ ಹಾರಲಿಲ್ಲ, ಸರ್ರನೆ ಕಾಂಡದ ಆಚೆ ಬದಿಗೆ ಓಡಿತು. ದಕ್ಷಿಣ ಭಾರತ, ಶ್ರೀಲಂಕಾಗಳ ಮರಗಳಲ್ಲಿ ಹೀಗೆ ಬದುಕುವುದು ಹಂಬರ್ಟಿಯೆಲ್ಲ ಎಂಬ ಸೂರ್ಯನ ಕುದುರೆ.

ದಕ್ಷಿಣ ಅಮೆರಿಕದ ಕಾಡುಗಳ ಲಿಟರ್ಗೂಸವೂ ಥೇಟ್ ಹೀಗೆಯೇ. ಅದೇ ಚಪ್ಪಟೆ ಮೈ, ಅದೇ ಓಟ. ಹಾಗಾಗಿ ಎರಡನ್ನೂ ಬಹಳ ಕಾಲ ಲಿಟರ್ಗೂಸಿಡೆ ಎಂಬ ಒಂದೇ ಕುಟುಂಬದಲ್ಲಿ ಸೇರಿಸಿದ್ದರು. ಡಿಎನ್‌ಎ ಹೋಲಿಸಿ ನೋಡಿದಾಗ ಸಂಬಂಧ ಅಷ್ಟು ಹತ್ತಿರದ್ದಾಗಿರಲಿಲ್ಲ. ತೊಗಟೆಯ ಮೇಲಿನ ಬಾಳು ಬೇರೆ ಬೇರೆ ವಂಶಗಳನ್ನು ಒಂದೇ ರೂಪಕ್ಕೆ ತಂದಿತ್ತು. 2019ರಲ್ಲಿ ಶ್ವಾರ್ಜ್ ಮತ್ತು ರಾಯ್ ಎಂಬ ಇಬ್ಬರು ವಿಜ್ಞಾನಿಗಳು ಗಂಡು ಕೀಟಗಳ ಜನನಾಂಗದ ರಚನೆಯನ್ನೂ ಡಿಎನ್‌ಎ ಪುರಾವೆಯನ್ನೂ ಜೊತೆಗಿಟ್ಟು ಇಡೀ ವರ್ಗೀಕರಣವನ್ನು ಹೊಸದಾಗಿ ಬರೆದರು. ಲಿಟರ್ಗೂಸಿಡೆ ಈಗ ಅಮೆರಿಕ ಖಂಡಗಳದ್ದು ಮಾತ್ರ. ನಮ್ಮ ಹಂಬರ್ಟಿಯೆಲ್ಲ ಗೊನಿಪೆಟಿಡೆ ಎಂಬ ಬೇರೆ ಕುಟುಂಬಕ್ಕೆ ಸೇರಿದೆ.

ಪೌತಿ ಖಾತೆಗೆ ನಾಡಕಚೇರಿಯಲ್ಲಿ ವಂಶವೃಕ್ಷ ಕೇಳುತ್ತಾರೆ. ಮೂಗು, ಮುಖ ಹೋಲುತ್ತದೆಂದು ಯಾರಿಗೂ ಜಮೀನು ಬರೆದುಕೊಡುವುದಿಲ್ಲ. ವಿಜ್ಞಾನಿಗಳು ಮಾಡಿದ್ದೂ ಅದನ್ನೇ. ಆದರೆ ನಮ್ಮ ಮಕ್ಕಳು ಇನ್ನೂ ಕುಟುಂಬವೆಂದರೆ ಲಕ್ಷಣಗಳ ಪಟ್ಟಿ ಎಂದು ಉರುಹೊಡೆಯುತ್ತಿದ್ದಾರೆ. ವಿಜ್ಞಾನದ ಮೇಷ್ಟ್ರುಗಳಲ್ಲಿ ನನ್ನ ವಿನಂತಿ ಇಷ್ಟೆ: ಕುಟುಂಬ ಎಂದು ಬೋರ್ಡಿನ ಮೇಲೆ ಬರೆಯುವ ಮೊದಲು ವಂಶವೃಕ್ಷ ಬರೆಯಿರಿ.